ಎಂಟುನೂರು ರೂಪಾಯಿಯ ಸ್ಕ್ಯಾನರ್, ಎರಡು ಮಳೆಗಾಲದ ಬಳಿಕ

ಈ ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಫೋನಿನಲ್ಲಿ ತೋರಿಸುವ ಪುಟ್ಟ ಸಾಧನ) ತರಿಸಿದ್ದೇ ಸಿಟ್ಟಿನಲ್ಲಿ. ಶಿರಾಡಿ ಘಾಟಿ ಹತ್ತುವಾಗ ಗಾಡಿ ಮಿಸ್ಸಿಂಗ್ ಹೊಡೆಯುತ್ತಿತ್ತು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಡವಿದ ಹಾಗೆ ಜರ್ಕ್, ಚೆಕ್ ಎಂಜಿನ್ ಲೈಟ್ ಮಿಣಮಿಣ. (ಲೈಟ್ ಹೀಗೆ ಮಿನುಗುತ್ತಿದ್ದರೆ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತದೆ.) ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ ಬದಲಿಸಿ, ಇಂಜೆಕ್ಟರ್ ಕ್ಲೀನ್ ಮಾಡಿ ನಾಲ್ಕೂವರೆ ಸಾವಿರ ಬಿಲ್ ಮಾಡಿದರು. ಮರುವಾರ ಗುಂಡ್ಯ ದಾಟುತ್ತಿದ್ದಂತೆ ಅದೇ ರಾಗ.

ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿದೆ. ಪಿ0303. ಇದು ಮಿಸ್ಸಿಂಗ್‌ನ ಕೋಡ್, ಕೊನೆಯ 3 ಅಂದರೆ ಮೂರನೇ ಸಿಲಿಂಡರ್. ಎಂಜಿನ್ ಆರಿದ ಮೇಲೆ ಅದರ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗ) ಬಿಚ್ಚಿ ಒಂದನೆಯದಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿ, ಕೋಡ್ ಅಳಿಸಿ, ಮನೆ ಹತ್ತಿರದ ಏರು ಹತ್ತಿಸಿಕೊಂಡು ಬಂದೆ. ಪಿ0301! ಕಾಯಿಲ್ ಜೊತೆಗೆ ರೋಗವೂ ಮನೆ ಬದಲಿಸಿತ್ತು. ಪ್ಲಗ್ಗಿನ ಮೇಲೆ ಕೂರುವ ಅದರ ರಬ್ಬರ್ ಬೂಟಿನಲ್ಲಿ ಕೂದಲೆಳೆಯಷ್ಟು ಬಿರುಕು, ಬಿರುಕಿನುದ್ದಕ್ಕೂ ಬೂದು ಗೆರೆ. ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ದಾರಿಯಲ್ಲೇ ಹಾರಿಹೋಗುತ್ತಿತ್ತು. ಒಂದು ಕಾಯಿಲ್‌ಗೆ ಮುಗಿಯಬೇಕಾದ ಕೆಲಸ.

ಅಂದಿನಿಂದ ಇದೊಂದು ಚಟ. ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದು ಸೀಟಿನಲ್ಲಿ ಕೂತು ಕೀ ತಿರುಗಿಸಿ, ನೀಲಿ ದೀಪ ಮಿಟುಕಿದ ಮೇಲೆ ಫೋನ್ ತೆರೆಯುತ್ತೇನೆ. ಲೋಟ ಖಾಲಿಯಾಗುವಷ್ಟರಲ್ಲಿ ಕೂಲಂಟ್ 23 ಡಿಗ್ರಿಯಿಂದ ಅರವತ್ತರ ಹತ್ತಿರ. "ಬಿಪಿ ನೋಡಾಯ್ತಾ?" ಅಂತಾಳೆ ಹೆಂಡತಿ. ಗಾಡಿಯ ಬಿಪಿ.

ಬೇಸರ ಶುರುವಾದದ್ದು ಒಂದು ಮದುವೆಯಿಂದ. ಕೀ ತೆಗೆದರೂ ಆ ಸಾಕೆಟ್‌ನಲ್ಲಿ ಕರೆಂಟ್ ಇರುತ್ತದೆ. ಸ್ಕ್ಯಾನರ್ ಕೀಳದೆ ಒಂಬತ್ತು ದಿನ ಊರಿಗೆ ಹೋಗಿದ್ದೆ. ಬಂದು ನೋಡಿದರೆ ಬ್ಯಾಟರಿ ಪೂರ್ತಿ ಮಲಗಿದೆ. ಪಕ್ಕದ ಮನೆಯವರ ಗಾಡಿಯಿಂದ ಜಂಪ್ ಕೊಡಿಸಬೇಕಾಯಿತು.

ಈ ಮಳೆಗಾಲ ಪಿ0302. ಜಂಬದಿಂದ ಕಾಯಿಲ್ ಅದಲುಬದಲು ಮಾಡಿದೆ, ಕೋಡ್ ಕದಲಲಿಲ್ಲ. ಪ್ಲಗ್ ಬದಲಿಸಿದರೂ ಪಿ0302. ಯಾವ ಸಿಲಿಂಡರ್ ಅನ್ನುವುದು ಇದಕ್ಕೆ ಗೊತ್ತು, ಯಾಕೆ ಅನ್ನುವುದು ಗೊತ್ತಿಲ್ಲ. ಮೂರು ಭಾನುವಾರ ಹಾಳಾದ ಮೇಲೆ ಬೈದುಕೊಂಡು ಬಿಟ್ಟು ಬಂದಿದ್ದ ಅದೇ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಎಂಜಿನ್ ಓಡುತ್ತಿರುವಾಗಲೇ ಎರಡನೇ ಕಾಯಿಲ್‌ನ ವೈರನ್ನು ಮೆಲ್ಲಗೆ ಅಲ್ಲಾಡಿಸಿದರು. ಅಲ್ಲಾಡಿಸಿದಾಗಲೆಲ್ಲ ಎಂಜಿನ್ ಕೆಮ್ಮಿತು. ಇಲಿ ಅರ್ಧ ಕಡಿದಿತ್ತು.

ಇನ್ನೂರು ರೂಪಾಯಿ ತಗೊಂಡರು. ನನ್ನ ಸ್ಕ್ಯಾನರ್ ನೋಡಿ, "ಚೆನ್ನಾಗಿದೆ ಸಾರ್, ಇಟ್ಕೊಳ್ಳಿ" ಅಂದರು.