ಗೋರಿಸ್, ಸಿಸಿಯಾನ್, ತಾತೆವ್: ಮೂರು ಊರಲ್ಲೂ ಮಲಗಿ ನೋಡಿದೆ

ಆರ್ಮೇನಿಯಾಕ್ಕೆ ಹೋದವರಲ್ಲಿ ಬಹಳ ಜನ ದಕ್ಷಿಣದ ಸ್ಯೂನಿಕ್ ಪ್ರಾಂತ್ಯವನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ಬೆಳಿಗ್ಗೆ ಯೆರೆವಾನ್‌ನಲ್ಲಿ ವ್ಯಾನ್ ಹತ್ತು, ತಾತೆವ್ ಮಠ ನೋಡು, ರೋಪ್‌ವೇಯಲ್ಲಿ ಫೋಟೋ ತೆಗಿ, ರಾತ್ರಿ ವಾಪಸ್. ದೂರ ಒಂದು ಕಡೆಗೇ ಸುಮಾರು 250 ಕಿಲೋಮೀಟರ್, ಅದೂ ಗುಡ್ಡದ ದಾರಿ. ದಿನದ ಮುಕ್ಕಾಲು ಪಾಲು ಸೀಟಿನಲ್ಲೇ ಹೋಗುತ್ತದೆ. ನಾನು ಜೂನ್ ಮಧ್ಯದಲ್ಲಿ ಹೋದಾಗ ಆರು ರಾತ್ರಿ ಅಲ್ಲಿಗೇ ಅಂತ ಇಟ್ಟುಕೊಂಡೆ. ಸಿಸಿಯಾನ್‌ನಲ್ಲಿ ಎರಡು, ಗೋರಿಸ್‌ನಲ್ಲಿ ಮೂರು, ತಾತೆವ್ ಹಳ್ಳಿಯಲ್ಲಿ ಒಂದು.

ನಾನು ಕಾರು ಬಾಡಿಗೆಗೆ ತೆಗೆದುಕೊಂಡಿರಲಿಲ್ಲ. ಮಾಂಸ ತಿನ್ನುವುದಿಲ್ಲ. ಮುಂದೆ ಹೇಳುವುದನ್ನೆಲ್ಲ ಈ ಎರಡು ನೆನಪಿಟ್ಟುಕೊಂಡು ಓದಿ.

ಸಿಸಿಯಾನ್ ಶುರುವಲ್ಲೇ ಕೈಕೊಟ್ಟಿತು. ಗೋರಿಸ್ ಕಡೆ ಹೋಗುವ ಮಾರ್ಶ್ರುತ್ಕಾ ಹತ್ತಿದ್ದೆ. ನಮ್ಮ ಟೆಂಪೋ ಟ್ರಾವೆಲರ್ ಥರದ ಗಾಡಿ ಅದು. "ಸಿಸಿಯಾನ್?" ಅಂತ ಕೇಳಿದ್ದಕ್ಕೆ ಜೋರಾಗಿ ತಲೆಯಾಡಿಸಿದ್ದ ಡ್ರೈವರ್, ಹೆದ್ದಾರಿಯ ತಿರುವಿನಲ್ಲಿ ನನ್ನನ್ನೂ ಬ್ಯಾಗನ್ನೂ ಇಳಿಸಿ ಹೊರಟೇಬಿಟ್ಟರು. ಊರು ಅಲ್ಲಿಂದ ಇನ್ನೂ ಕೆಲವು ಕಿಲೋಮೀಟರ್ ಒಳಗಿದೆ. ಮಟಮಟ ಮಧ್ಯಾಹ್ನ, ಒಂದು ಮರವಿಲ್ಲ, ಗಾಳಿ ಮಾತ್ರ ಜಾಸ್ತಿ. ಮುಕ್ಕಾಲು ಗಂಟೆ ಆದ ಮೇಲೆ ಹಿಂದಿನ ಸೀಟಿನ ತುಂಬ ಹುಲ್ಲು ತುರುಕಿದ್ದ ಹಳೇ ಲಾದಾ ಕಾರಿನ ಅಜ್ಜ ನಿಲ್ಲಿಸಿ ಕೂರಿಸಿಕೊಂಡರು. ದುಡ್ಡು ಕೊಡಲು ಹೋದರೆ ಗದರಿದರು.

ಊರೇನೋ ಮೊದಲ ನೋಟಕ್ಕೆ ಸಪ್ಪೆ. ಸೋವಿಯತ್ ಕಾಲದ ಕಟ್ಟಡಗಳು, ಅಗಲ ರಸ್ತೆ, ಪಕ್ಕದಲ್ಲಿ ವೊರೊತಾನ್ ಹೊಳೆ. ಗುಡ್ಡದ ಮೇಲೆ 7ನೇ ಶತಮಾನದ ಸಿಸಾವಾನ್ ಚರ್ಚ್ ಇದೆ. ಮ್ಯೂಸಿಯಂ ಅಂಗಳದಲ್ಲಿ ಟಗರಿನ ಆಕಾರದ ಗೋರಿಕಲ್ಲುಗಳಿವೆ. ಅವುಗಳ ಬೆನ್ನು ಸವರುತ್ತಾ ಒಂದು ಸಂಜೆ ಕಳೆದೆ. ಶಾಕಿ ಜಲಪಾತದ ಬಗ್ಗೆ ಮಾತ್ರ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಎತ್ತರ 18 ಮೀಟರ್, ಮೇಲಿನ ನೀರು ಜಲವಿದ್ಯುತ್ತಿಗೂ ಹೋಗುತ್ತದೆ. ನಾನು ಹೋದ ಹೊತ್ತಿಗೆ ಬಂಡೆಯೇ ಹೆಚ್ಚು ಕಾಣುತ್ತಿತ್ತು. ಲಿಂಗನಮಕ್ಕಿ ಗೇಟು ಮುಚ್ಚಿದಾಗಿನ ಜೋಗ ನೋಡಿದವರಿಗೆ ಇದು ಅರ್ಥವಾಗುತ್ತದೆ.

ಸಿಸಿಯಾನ್‌ಗೆ ಹೋಗಬೇಕಾದದ್ದು ಕಾರಾಹುಂಜ್‌ಗಾಗಿ. ಝೊರಾತ್ಸ್ ಕಾರೆರ್ ಅಂತಲೂ ಕರೆಯುತ್ತಾರೆ. ಬಯಲಿನಲ್ಲಿ 200ಕ್ಕೂ ಹೆಚ್ಚು ಕಲ್ಲು ನೆಟ್ಟಿದ್ದಾರೆ, ಅದರಲ್ಲಿ ಸುಮಾರು 80ಕ್ಕೆ ತೂತು. ನಕ್ಷತ್ರ ನೋಡಲು ಕೊರೆದದ್ದು ಅನ್ನುವುದು ಒಂದು ವಾದ. ಅಗೆದು ನೋಡಿದವರಿಗೆ ಸಿಕ್ಕಿದ್ದು ಕಂಚಿನ ಯುಗದ ಗೋರಿಗಳು. ನನಗೆ ಗೋರಿಯ ಮಾತೇ ಸರಿ ಅನ್ನಿಸಿತು, ಆದರೂ ಒಂದು ತೂತಿಗೆ ಕಣ್ಣಿಟ್ಟು ಮುಳುಗುವ ಸೂರ್ಯನನ್ನು ನೋಡದೆ ಬರಲಿಲ್ಲ. ಒಂದು ಎಚ್ಚರಿಕೆ: ಗೋರಿಸ್ ಪಕ್ಕದಲ್ಲಿ ಇದೇ ಹೆಸರಿನ ಹಳ್ಳಿ ಬೇರೆ ಇದೆ. ಟ್ಯಾಕ್ಸಿಯವರಿಗೆ ಸುಮ್ನೆ "ಕಾರಾಹುಂಜ್" ಅಂದರೆ ಅಲ್ಲಿಗೆ ಕರೆದುಕೊಂಡು ಹೋದಾರು. ಝೊರಾತ್ಸ್ ಕಾರೆರ್ ಅನ್ನಿ, ಸಿಸಿಯಾನ್ ಅಂತಲೂ ಸೇರಿಸಿ. ಇಲ್ಲಿಂದ ಜೀಪಿನಲ್ಲಿ ಹೋಗುವ ಉಘ್ತಾಸಾರ್‌ನ ಬಂಡೆ ಚಿತ್ರಗಳನ್ನು ನೋಡುವ ಆಸೆ ನನಗಿತ್ತು. ಸುಮಾರು 3,300 ಮೀಟರ್ ಎತ್ತರದ ಜಾಗ. ಹಿಮ ಇನ್ನೂ ಕರಗಿಲ್ಲ, ಜುಲೈ ಕೊನೆಗೆ ಬಾ ಅಂದರು.

ಎರಡು ರಾತ್ರಿಯೂ ಊಟ ಒಂದೇ: ಲವಾಶ್ ರೊಟ್ಟಿ, ಉಪ್ಪುಪ್ಪು ಚೀಸ್, ಸೌತೆ, ಟೊಮೆಟೊ.

ಗೋರಿಸ್‌ಗೆ ಬಂದಾಗ ಇದೇ ಪ್ರಾಂತ್ಯವಾ ಅನ್ನಿಸಿತು. ನೇರ ಬೀದಿಗಳು, ಕಲ್ಲಿನ ಮನೆಗಳು, ಕಮಾನಿನ ಬಾಗಿಲು, ಮರದ ಬಾಲ್ಕನಿ. ಬಸ್ಸಿಂದ ಇಳಿದ ಮೇಲೆ ಊರೊಳಗೆ ನನಗೆ ಗಾಡಿಯೇ ಬೇಕಾಗಲಿಲ್ಲ. ಹೊಳೆ ದಾಟಿದರೆ ಹಳೇ ಗೋರಿಸ್. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ, ಮಳೆಗೆ ಸವೆದು, ಗೋಪುರದಂತೆ ಎದ್ದ ಮೆದು ಕಲ್ಲುಗಳು. ಅವುಗಳ ಹೊಟ್ಟೆಯಲ್ಲಿ ಕೊರೆದ ಗುಹೆಗಳು. ಕೆಲವಕ್ಕೆ ಈಗಲೂ ಬಾಗಿಲು ಹಾಕಿ ದನಕ್ಕೆ ಹುಲ್ಲು ಇಡುತ್ತಾರೆ. ಟಿಕೆಟ್ ಇಲ್ಲ, ಗೈಡ್ ಇಲ್ಲ, ಸಂಜೆ ಹತ್ತಿ ಇಳಿದು ಬರಬಹುದು.

ಗುಹೆಗಳ ರುಚಿ ಹತ್ತಿದ್ದರಿಂದ ಮಾರನೇ ದಿನ ಖಂಡ್ಜೊರೆಸ್ಕ್‌ಗೆ ಹೋದೆ. ಟ್ಯಾಕ್ಸಿಯಲ್ಲಿ ಹತ್ತಿರವೇ, ಆದರೆ ವಾಪಸ್ ಬರುವುದನ್ನೂ ಮೊದಲೇ ಮಾತಾಡಿಕೊಳ್ಳಿ. ಕಣಿವೆಯ ಎರಡೂ ಕಡೆ ಗುಹೆಮನೆಗಳು. ಕೆಳಮನೆಯ ಸೂರೇ ಮೇಲ್ಮನೆಯ ಅಂಗಳ. 1950ರ ದಶಕದವರೆಗೂ ಜನ ಇಲ್ಲಿ ಸಂಸಾರ ಮಾಡಿದ್ದರು. ನಡುವೆ 160 ಮೀಟರ್ ಉದ್ದದ ತೂಗುಸೇತುವೆ, 2012ರದು. ದಿನದ ಟೂರಿನವರು ಸೇತುವೆ ಮೇಲೆ ಫೋಟೋ ತೆಗೆದು ಮೆಟ್ಟಿಲು ಹತ್ತಿ ಹೋಗುತ್ತಾರೆ. ಆಚೆ ದಡದಲ್ಲಿ ಒಂದು ಗಂಟೆ ಹೆಚ್ಚು ಕುಳಿತರೆ ಇಡೀ ಊರು ನಿಮ್ಮದೇ. ಒಳಗೆ ಗೋಡೆಯಲ್ಲಿ ಕೊರೆದ ಗೂಡುಗಳು, ಹೊಗೆ ಹಿಡಿದು ಕಪ್ಪಾದ ಮಾಡು. ವಾಪಸ್ ಹತ್ತುವಾಗ ಮಂಡಿ ಬಿದ್ದುಹೋಯಿತು, ಅದನ್ನೂ ಹೇಳಿಬಿಡುತ್ತೇನೆ.

ಊಟದಲ್ಲೂ ಗೋರಿಸ್ ಗೆದ್ದಿತು, ಒಂದೇ ತಿಂಡಿಯ ಬಲದಿಂದ. ಝಿಂಗ್ಯಾಲೊವ್ ಹಾತ್ಸ್ ಅಂತ. ಹತ್ತಾರು ಥರದ ಸೊಪ್ಪು ಸಣ್ಣಗೆ ಹೆಚ್ಚಿ, ತೆಳು ಹಿಟ್ಟಿನೊಳಗೆ ತುಂಬಿ, ಹೆಂಚಿನ ಮೇಲೆ ಬೇಯಿಸುತ್ತಾರೆ. ಹುಳಿ ಸೊಪ್ಪಿನ ಘಮ, ಬಿಸಿ ಹಿಟ್ಟು, ಪಕ್ಕದಲ್ಲಿ ತಾನ್ ಅನ್ನುವ ಉಪ್ಪು ಮಜ್ಜಿಗೆ. ಸಸ್ಯಾಹಾರಿಗೆ ಇನ್ನೇನು ಬೇಕು? ಇದು ಮೂಲದಲ್ಲಿ ಗಡಿಯಾಚೆ ಅಜರ್‌ಬೈಜಾನ್‌ನಲ್ಲಿರುವ ಕರಾಬಖ್ ಕಡೆಯ ರೊಟ್ಟಿ. ಅಜರ್‌ಬೈಜಾನ್ ಸೇನೆ ದಾಳಿ ಮಾಡಿದ ಮೇಲೆ, 2023ರ ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿಂದ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಮನೆ ಬಿಟ್ಟು ಬಂದದ್ದು ಗೋರಿಸ್ ದಾರಿಯಲ್ಲೇ. ಮನೆಯೊಡತಿ ಅದನ್ನು ಫೋನಿನ ಅನುವಾದದಲ್ಲಿ ಹೇಳಿದರು, ಎರಡೇ ವಾಕ್ಯ. ಆಮೇಲೆ ಇನ್ನೊಂದು ರೊಟ್ಟಿ ಹಾಕಿ "ಕೇರ್, ಕೇರ್" ಅಂದರು. ಅವರ ಭಾಷೆಯಲ್ಲಿ ಕೇರ್ ಅಂದರೆ ತಿನ್ನು. ನನಗೆ ನೆನಪಾದದ್ದು ಅಮ್ಮನ ಮೊರ.

ಅಂಗಳದಲ್ಲಿ ಹಿಪ್ಪುನೇರಳೆ ಹಣ್ಣು ಉದುರುತ್ತಿತ್ತು. ರಾಮನಗರದ ಕಡೆ ಈ ಗಿಡದ ಸೊಪ್ಪು ರೇಷ್ಮೆ ಹುಳಕ್ಕೆ. ಇಲ್ಲಿ ಹಣ್ಣು ಕೊಳೆಸಿ ವೋಡ್ಕಾ ಇಳಿಸುತ್ತಾರೆ. ಒಂದು ಗುಟುಕು ಕುಡಿದೆ, ಗಂಟಲು ಸುಟ್ಟಿತು. ಅಷ್ಟು ಸಾಕು.

ತಾತೆವ್‌ಗೆ ಹಾಲಿಡ್ಜೊರ್‌ನಿಂದ ರೋಪ್‌ವೇ. 2010ರಲ್ಲಿ ಶುರುವಾದದ್ದು, 5.7 ಕಿಲೋಮೀಟರ್ ಉದ್ದ, ಹನ್ನೆರಡು ನಿಮಿಷದ ಪಯಣ. ಮಧ್ಯಾಹ್ನ ಮಠದಲ್ಲಿ ಸಂತೆಯಂಥ ಗದ್ದಲ. ಇಲ್ಲಿ ಯಾಕಪ್ಪ ರೂಮ್ ಮಾಡಿದೆ ಅಂದುಕೊಂಡೆ. ಆದರೆ ಕೊನೆಯ ರೋಪ್‌ವೇ ಹೊರಟ ಮೇಲೆ ಊರಿನ ಬಣ್ಣವೇ ಬೇರೆ. ದನಗಳು ಮನೆಗೆ ಬಂದವು, ಸಗಣಿ ವಾಸನೆ, ಯಾರೋ ಕೊಡಲಿಯಲ್ಲಿ ಸೌದೆ ಒಡೆಯುವ ಸದ್ದು. ಬೆಳಿಗ್ಗೆ ಜನ ಬರುವ ಮೊದಲು ಮಠದ ಅಂಗಳದಲ್ಲಿ ನಾನೂ ಒಂದು ಬೆಕ್ಕೂ ಮಾತ್ರ. 895ರಿಂದ 906ರವರೆಗೆ ಕಟ್ಟಿದ ದೊಡ್ಡ ಚರ್ಚ್, ಅದರ ಮುಂದೆ ಗವಾಜಾನ್ ಕಂಬ. ತಳ್ಳಿದರೆ ಅಲುಗಿ ಮತ್ತೆ ನೆಟ್ಟಗಾಗುವಂತೆ ಹತ್ತನೇ ಶತಮಾನದಲ್ಲಿ ಮಾಡಿದ್ದಂತೆ, ಭೂಕಂಪವನ್ನು ಮೊದಲೇ ತಿಳಿಯಲು. ಗೋಡೆಯ ಹೊರಗೆ ಮಠದ ಹಳೇ ಎಣ್ಣೆ ಗಾಣವೂ ಇದೆ. ಬಹಳ ಜನ ಅದನ್ನು ನೋಡದೆ ಹೋಗುತ್ತಾರೆ.

ರಾತ್ರಿ ಊಟಕ್ಕೆ ಸ್ಪಾಸ್, ಅಂದರೆ ಗೋಧಿ ಹಾಕಿ ಕಾಸಿದ ಮೊಸರಿನ ಬಿಸಿ ಸಾರು. ಜೂನ್‌ನಲ್ಲೂ ಚಳಿ ಇತ್ತು, ಎರಡು ಬಟ್ಟಲು ಕುಡಿದೆ. ಆದರೆ ಗೆಸ್ಟ್‌ಹೌಸ್‌ಗೆ ಊಟ ಬೇಕು ಅಂತ ಮೊದಲೇ ಹೇಳದಿದ್ದರೆ ಹೊಟ್ಟೆಗೆ ತಣ್ಣೀರು ಬಟ್ಟೆ. ನನಗೆ ಕಂಡದ್ದು ಒಂದೇ ಅಂಗಡಿ.

ಹಾಗಾದರೆ ಎಲ್ಲಿ ಉಳಿಯಬೇಕು? ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಗೋರಿಸ್, ಯೋಚನೆಯೇ ಬೇಡ. ಎರಡೇ ರಾತ್ರಿ ಇದ್ದರೆ ಒಂದು ಗೋರಿಸ್, ಒಂದು ತಾತೆವ್. ಸಿಸಿಯಾನ್ ಕಲ್ಲಿನ ಹುಚ್ಚಿರುವವರಿಗೆ, ಸ್ವಂತ ಗಾಡಿ ಇರುವವರಿಗೆ, ಇಲ್ಲವೇ ಆಗಸ್ಟ್‌ನಲ್ಲಿ ಉಘ್ತಾಸಾರ್ ಹತ್ತುವವರಿಗೆ. ಮತ್ತೆ ಹೋದರೆ ನಾನು ಗೋರಿಸ್‌ನಿಂದಲೇ ಶುರು ಮಾಡಿ, ತಾತೆವ್ ಮುಗಿಸಿ, ಅಲ್ಲಿಂದ ಟ್ಯಾಕ್ಸಿ ಮಾಡಿಕೊಂಡು ನೇರ ಸಿಸಿಯಾನ್ ಊರೊಳಗೇ ಇಳಿಯುತ್ತೇನೆ. ಹುಲ್ಲಿನ ಲಾದಾ ಪ್ರತಿ ಸಲ ಬರುವುದಿಲ್ಲವಲ್ಲ.