ಗಾರ್ಮೆಂಟ್ಸ್ ಯೂನಿಯನ್: ಚಂದಾ ಕಟ್ಟಿ ಸೇರಿದವಳ ಅನಿಸಿಕೆ

ಹೋಟೆಲ್ಲು, ಮೊಬೈಲು, ಮಿಕ್ಸಿ ಎಲ್ಲದಕ್ಕೂ ಜನ ರಿವ್ಯೂ ಬರೆಯುತ್ತಾರೆ. ಯೂನಿಯನ್ನಿಗೂ ನಾವು ದುಡ್ಡು ಕೊಟ್ಟೇ ಸೇರುತ್ತೇವೆ. ಅದು ನನಗೆ ಏನು ಮಾಡಿತು, ಏನು ಮಾಡಲಿಲ್ಲ ಅಂತ ಬರೆದಿಟ್ಟರೆ ಮದ್ದೂರು, ಗೆಜ್ಜಲಗೆರೆ, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಅನುಕೂಲ ಆಗಬಹುದು. ನಾನು ಟೈಲರ್. ಸೈಡ್ ಸೀಮ್ ಹೊಲಿದಿದ್ದೇನೆ, ಕಾಲರ್ ಕೂರಿಸಿದ್ದೇನೆ. ಫ್ಯಾಕ್ಟರಿ ಹೆಸರು, ಯೂನಿಯನ್ ಹೆಸರು ಎರಡನ್ನೂ ಹಾಕುವುದಿಲ್ಲ. ನನ್ನ ಜೊತೆಯವರು ಇನ್ನೂ ಅದೇ ಲೈನ್‌ನಲ್ಲಿ, ಅಂದರೆ ಅದೇ ಹೊಲಿಗೆ ಮಷೀನಿನ ಸಾಲಿನಲ್ಲಿ ಕೂತಿದ್ದಾರೆ.

ಚಂದಾ ತಿಂಗಳಿಗೆ 20 ರೂಪಾಯಿ. ಸೇರಿದ ಮೇಲೆ ಮೊದಲು ಸಿಕ್ಕಿದ್ದು ಪಾಠ. ಸಂಬಳದ ಚೀಟಿ ಓದುವುದನ್ನು ಒಬ್ಬ ಅಕ್ಕ ಕೂರಿಸಿಕೊಂಡು ಹೇಳಿಕೊಟ್ಟರು. ಪಿಎಫ್‌ಗೆ ನಮ್ಮಿಂದ 12 ಪರ್ಸೆಂಟ್ ಹಿಡಿಯುತ್ತಾರೆ, ಕಂಪನಿಯೂ ಅಷ್ಟೇ ಹಾಕಬೇಕು. ಆಸ್ಪತ್ರೆ ಖರ್ಚು ನೋಡುವ ಇಎಸ್‌ಐಗೆ ನಮ್ಮದು ಮುಕ್ಕಾಲು ಪರ್ಸೆಂಟ್, ಕಂಪನಿಯದು ಮೂರೂಕಾಲು. ಓಟಿ ಮಾಡಿಸಿದರೆ ಡಬಲ್ ರೇಟಿನಲ್ಲಿ ಕೊಡಬೇಕು. ನಮ್ಮಲ್ಲಿ ಆರ್ಡರ್ ಇಲ್ಲದ ದಿನ ರಜ ಕೊಟ್ಟು, ಆಮೇಲೆ ಭಾನುವಾರ ಕರೆಸಿ ‘ಕಾಂಪ್ ಆಫ್’ ಅಂತ ಬರೆದುಕೊಳ್ಳುತ್ತಿದ್ದರು. ಆ ಭಾನುವಾರಕ್ಕೆ ದುಡ್ಡಿಲ್ಲ. ಇದನ್ನು ಕೇಳಬಹುದು ಅಂತ ನಮ್ಮ ಲೈನ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಟ್ಟಾಗ ಸರ್ವೀಸ್ ಲೆಕ್ಕದಲ್ಲಿ ಕಂಪನಿ ಕೊಡಬೇಕಾದ ದುಡ್ಡು. ಆ ವಿಷಯಕ್ಕೆ ಮಾತ್ರ ನಾನು ಆ ಯೂನಿಯನ್ನಿಗೆ ಕೈಮುಗಿಯುತ್ತೇನೆ. ಗಾರ್ಮೆಂಟ್ಸ್‌ನಲ್ಲಿ ನಡೆಯುವುದು ಹೀಗೆ. ಮಗಳ ಮದುವೆಗೋ, ಯಾರದೋ ಆಪರೇಷನ್‌ಗೋ ದುಡ್ಡು ಬೇಕಾಗುತ್ತದೆ. ಪೂರ್ತಿ ಪಿಎಫ್ ಬೇಕಾದರೆ ಕೆಲಸ ಬಿಡಬೇಕು. ‘ರಾಜೀನಾಮೆ ಕೊಡಮ್ಮ, ದುಡ್ಡು ತಗೊಂಡು ಮತ್ತೆ ಬಂದು ಸೇರ್ಕೊ’ ಅನ್ನುತ್ತಾರೆ. ಸೇರಿದಾಗ ಸರ್ವೀಸ್ ಮೊದಲಿನಿಂದ ಶುರು. ಐದು ವರ್ಷ ತುಂಬದೆ ಬಿಟ್ಟವರಿಗೆ ಗ್ರಾಚ್ಯುಟಿ ಸಿಗುತ್ತಿರಲಿಲ್ಲ. ಹತ್ತಾರು ವರ್ಷ ಅದೇ ಕಂಪನಿಗೆ ದುಡಿದ ಹೆಂಗಸರು ಒಂದು ರೂಪಾಯಿ ಗ್ರಾಚ್ಯುಟಿ ಇಲ್ಲದೆ ಮನೆಗೆ ಹೋಗಿದ್ದನ್ನು ನೋಡಿದ್ದೇನೆ.

ಕೆಲಸ ಬಿಡದೆಯೇ ಫಾರಂ 31 ತುಂಬಿ ಪಿಎಫ್ ಮುಂಗಡ ತೆಗೆಯಬಹುದು ಅಂತ ಹೇಳಿಕೊಟ್ಟಿದ್ದು ಯೂನಿಯನ್. ಖಾಯಿಲೆ, ಮದುವೆ, ಮನೆ ಕಟ್ಟುವುದು, ಎಲ್ಲದಕ್ಕೂ ಅದರಲ್ಲಿ ದಾರಿ ಇದೆ. ನಾನು ಹಾಗೇ ತೆಗೆದೆ, ಸರ್ವೀಸ್ ಮುರಿಯಲಿಲ್ಲ. ಕೊನೆಗೆ ಕೆಲಸ ಬಿಟ್ಟಾಗ ಅದೇ ಅಕ್ಕ ಲೆಕ್ಕ ಹಾಕಿ ತೋರಿಸಿದರು. ಮೂಲ ಸಂಬಳ, ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 11,000 ಇದ್ದು, 9 ವರ್ಷ ಸರ್ವೀಸ್ ಆಗಿದ್ದರೆ, 11,000ವನ್ನು 26ರಿಂದ ಭಾಗಿಸಿ, 15ರಿಂದ, ಆಮೇಲೆ 9ರಿಂದ ಗುಣಿಸಬೇಕು. 57,115 ರೂಪಾಯಿ. 30 ದಿನದೊಳಗೆ ಕೊಡಬೇಕು, ತಡ ಮಾಡಿದರೆ ಬಡ್ಡಿ. ಕಂಪನಿ ತಡ ಮಾಡಿತು. ಕಾರ್ಮಿಕ ಇಲಾಖೆಗೆ ಅರ್ಜಿ ಹಾಕುತ್ತೇವೆ ಅಂತ ಯೂನಿಯನ್ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಹೋದ ಮೇಲೆ ಚೆಕ್ ಬಂತು. ಒಬ್ಬಳೇ ಹೋಗಿ ಕೇಳಿದ್ದರೆ ಎಚ್‌ಆರ್ ರೂಮಿನ ಹೊರಗೆ ಕಾಯಿಸುತ್ತಿದ್ದರು, ಅಷ್ಟೇ.

ನಮ್ಮನೆಯವರು ಇದನ್ನು ಒಪ್ಪುವುದಿಲ್ಲ. ಅವರು ಮೈಸೂರಿನಲ್ಲಿ ಒಂದು ಫ್ಯಾಕ್ಟರಿಯಲ್ಲಿದ್ದರು. ಅಲ್ಲಿ ಎರಡು ಯೂನಿಯನ್. ಒಂದರ ಲೀಡರ್ ಸಹಿ ಹಾಕಿದರೆ ಇನ್ನೊಂದರವರು ಗೇಟಿನಲ್ಲಿ ಧಿಕ್ಕಾರ ಕೂಗುತ್ತಿದ್ದರಂತೆ. ಫ್ಯಾಕ್ಟರಿ ಬಾಗಿಲು ಹಾಕಿತು. ಬಾಕಿ ಸಂಬಳಕ್ಕೆ ವರ್ಷಗಟ್ಟಲೆ ಅಲೆದರು. ‘ಯೂನಿಯನ್ ಅಂದ್ರೆ ಲೀಡರ್ ಮನೆ ಮೇಲೆ ಮಹಡಿ ಏಳೋದು ಕಣೆ’ ಅನ್ನುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮ ಮಾವ ಸಕ್ಕರೆ ಕಾರ್ಖಾನೆಯಲ್ಲಿ ಪರ್ಮನೆಂಟ್ ಆಗಿದ್ದವರು. ‘ಯೂನಿಯನ್ ಇಲ್ದೆ ಬೋನಸ್ಸು ಯಾವನವ್ವ ಕೊಡ್ತಾನೆ?’ ಅಂತ ಅವರ ವಾದ. ಒಂದೇ ಮನೆ, ಒಂದೇ ಜಗಲಿ, ಇಬ್ಬರಿಗೂ ಅವರವರು ಕಂಡದ್ದೇ ಸತ್ಯ.

ಮಾವನ ಕಾಲದ ಯೂನಿಯನ್ನಿಗೂ ನಮ್ಮದಕ್ಕೂ ಒಂದು ವ್ಯತ್ಯಾಸ ಇದೆ. ಅವರು ಶಿಫ್ಟ್ ಬಿಟ್ಟ ಮೇಲೆ ಗೇಟಿನ ಮುಂದೆ ಟೀ ಕುಡಿಯುತ್ತಾ ಮಾತಾಡುತ್ತಿದ್ದರು. ನಮಗೆ ಬೆಲ್ ಹೊಡೆದ ಕೂಡಲೇ ವ್ಯಾನು. ಊರೂರಿಗೆ ಇಳಿಸಿಕೊಂಡು ಹೋಗುತ್ತದೆ. ಪಕ್ಕದ ಲೈನಿನವಳ ಹೆಸರೂ ಗೊತ್ತಿರುವುದಿಲ್ಲ. ನಮ್ಮ ಮೀಟಿಂಗ್ ನಡೆದದ್ದೆಲ್ಲ ವ್ಯಾನಿನ ಹಿಂದಿನ ಸೀಟಿನಲ್ಲೇ.

ಯೂನಿಯನ್ ಯಾಕೆ, ಜನ ಸೇರಿದರೆ ಸಾಲದಾ ಅಂತ ಕೇಳುವವರೂ ಇದ್ದಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು 58 ವರ್ಷದವರೆಗೆ ಪೂರ್ತಿ ತೆಗೆಯುವ ಹಾಗಿಲ್ಲ ಅಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾರ ಕರೆಗೂ ಕಾಯದೆ ರಸ್ತೆಗೆ ಬಂದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಉಬ್ಬುತ್ತದೆ. ಆದರೆ ಪ್ರತಿ ತಿಂಗಳ ಚೀಟಿಯಲ್ಲಿ ಕಡಿಮೆ ಬಂದ ದುಡ್ಡಿಗೆ ರಸ್ತೆಗೆ ಬರಲು ಆಗುತ್ತದಾ? ಅದಕ್ಕೆ ಫೈಲ್ ಇಟ್ಟುಕೊಂಡು ಕೂರುವವರು ಬೇಕು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ಸ್ ಮುಚ್ಚಿ ಸುಮಾರು 1,200 ಜನರ ಕೆಲಸ ಹೋದಾಗ ಹೆಂಗಸರು ವಾರಗಟ್ಟಲೆ ಫ್ಯಾಕ್ಟರಿ ಹತ್ತಿರ ಕೂತರು. ಯೂನಿಯನ್ ಇದ್ದದ್ದರಿಂದಲೇ ಅವರ ಮಾತು ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡಿನವರೆಗೆ ಮುಟ್ಟಿತು. ಆಗ 100 ಜನ ಇರುವ ಫ್ಯಾಕ್ಟರಿ ಮುಚ್ಚಲೂ ಸರ್ಕಾರದ ಅನುಮತಿ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನಿನ ಸಂಹಿತೆಯಲ್ಲಿ ಅದು 300ಕ್ಕೆ ಏರಿದೆ. ಸಣ್ಣ ಯೂನಿಟ್‌ಗಳಲ್ಲಿ ಇರುವವರು ಇದನ್ನು ಗಮನಿಸಬೇಕು.

ಕೊರತೆಗಳೂ ಇವೆ. ದೊಡ್ಡ ಮೀಟಿಂಗ್ ಎಲ್ಲಾ ಭಾನುವಾರ, ಅದೂ ಬೆಂಗಳೂರಿನಲ್ಲಿ. ಬಟ್ಟೆ ಒಗೆಯಲು, ಹಿಟ್ಟು ಬೀಸಿಸಲು ಇರುವುದು ಅದೊಂದೇ ದಿನ. ಹೊಲಿಯುವವರು ಹೆಂಗಸರು, ವೇದಿಕೆಯಲ್ಲಿ ಜಾಸ್ತಿ ಕೂರುವವರು ಗಂಡಸರು. ಇದು ನನಗೆ ತುಂಬಾ ಬೇಜಾರು. ನಮ್ಮ ಲೈನಿನ ಒಬ್ಬ ಹುಡುಗಿ ಸೂಪರ್‌ವೈಸರ್ ಬೈಗುಳದ ಬಗ್ಗೆ ದೂರು ಕೊಟ್ಟಾಗ ಯೂನಿಯನ್ ಪತ್ರ ಹೋಗುವಷ್ಟರಲ್ಲಿ ಅವಳನ್ನು ಬೇರೆ ಲೈನಿಗೆ ಎತ್ತಿ ಹಾಕಿದ್ದರು. ಅವಳು ಕೆಲಸ ಬಿಟ್ಟಳು. ಆ ವಾರವೇ ಯಾರಾದರೂ ಬಂದು ಎಚ್‌ಆರ್ ಜೊತೆ ಕೂತಿದ್ದರೆ ಉಳಿಯುತ್ತಿದ್ದಳು ಅಂತ ನನ್ನ ನಂಬಿಕೆ.

ಅವಳಿಗೋಸ್ಕರ ಒಂದು ಅಂಕ ಕಡಿಮೆ ಮಾಡಿ ಐದಕ್ಕೆ ನಾಲ್ಕು ಕೊಡುತ್ತೇನೆ. ಸೇರುವವರು ಚಂದಾ ಕೊಟ್ಟ ಕೂಡಲೇ ರಸೀದಿ ಕೇಳಿ ತಗೊಳ್ಳಿ. ಕೆಲಸಕ್ಕೆ ಸೇರಿದ ದಿನದ ಪತ್ರ, ಐಡಿ ಕಾರ್ಡು, ಎಲ್ಲಾ ತಿಂಗಳ ಸಂಬಳದ ಚೀಟಿ ಮನೆಯಲ್ಲಿ ಒಂದು ಕವರಿನಲ್ಲಿಡಿ. ಯುಎಎನ್‌ಗೆ, ಅಂದರೆ ನಿಮ್ಮ ಪಿಎಫ್ ಖಾತೆಯ ನಂಬರಿಗೆ, ಗಂಡನದೋ ಅಣ್ಣನದೋ ಮೊಬೈಲ್ ಬೇಡ, ನಿಮ್ಮದೇ ಮೊಬೈಲ್ ನಂಬರ್ ಕೊಡಿ. ರಾಜೀನಾಮೆ ಬರೆದುಕೊಡು ಅಂತ ಯಾರಾದರೂ ಹಾಳೆ ಕೈಗಿಟ್ಟರೆ, ಸಹಿ ಹಾಕುವ ಮೊದಲು ಯೂನಿಯನ್ನಿನವರಿಗೆ ಒಂದು ಫೋನ್ ಮಾಡಿ.