ಜರ್ಮನ್ ಚಾಕ್ಲೆಟ್ ಕೇಕ್: ಕರಗಿಸಿದ ಚಾಕ್ಲೆಟ್ಟಾ, ಕೋಕೋ ಪುಡಿನಾ?

ಮೊದಲೇ ಹೇಳಿಬಿಡ್ತೀನಿ, ಈ ಕೇಕಿಗೂ ಜರ್ಮನಿಗೂ ಸಂಬಂಧ ಇಲ್ಲ. 1852ರಲ್ಲಿ ಅಮೆರಿಕದ ಬೇಕರ್ಸ್ ಕಂಪನಿಗೆ ಸಿಹಿ ಚಾಕ್ಲೆಟ್ ಮಾಡಿಕೊಟ್ಟ ಸ್ಯಾಮ್ಯುಯೆಲ್ ಜರ್ಮನ್ ಅವರ ಹೆಸರು ಅದು. 1957ರಲ್ಲಿ ಡಲ್ಲಾಸ್‌ನ ಪತ್ರಿಕೆಯೊಂದರಲ್ಲಿ ರೆಸಿಪಿ ಬಂದ ಮೇಲೆ ಎಲ್ಲರ ಬಾಯಲ್ಲೂ ಇದೇ.

ಹಳೆಯ ವಿಧಾನದಲ್ಲಿ ಚಾಕ್ಲೆಟ್ ಕರಗಿಸಬೇಕು, ಬೆಣ್ಣೆ ಸಕ್ಕರೆ ಬೀಟ್ ಮಾಡಬೇಕು, ಮೊಟ್ಟೆಯ ಬಿಳಿಭಾಗವನ್ನು ಬೇರೆಯೇ ನೊರೆ ಬರಿಸಿ ಕೊನೆಗೆ ಮೆಲ್ಲಗೆ ಸೇರಿಸಬೇಕು, ಅಷ್ಟರಲ್ಲಿ ಸಿಂಕ್ ತುಂಬಾ ಪಾತ್ರೆ. ಆದರೆ ಕೇಕ್ ಹಗುರ, ಬಣ್ಣ ತಿಳಿ, ಚಾಕ್ಲೆಟ್ ರುಚಿ ಸ್ವಲ್ಪ ಸೌಮ್ಯ. ಕೋಕೋ ಪುಡಿಯದ್ದು ಎಣ್ಣೆ, ಮಜ್ಜಿಗೆ, ಬಿಸಿನೀರು ಹಾಕಿ ಒಂದೇ ಬೋಗುಣಿಯಲ್ಲಿ ಕಲಸಿದರೆ ಮುಗೀತು. ಕಪ್ಪಗೆ, ತೇವವಾಗಿ ಬರುತ್ತದೆ, ಮಾರನೇ ದಿನವೂ ಒಣಗಲ್ಲ.

ಎರಡಕ್ಕೂ ಫ್ರಾಸ್ಟಿಂಗ್, ಅಂದ್ರೆ ಕೇಕಿಗೆ ಹಚ್ಚುವ ಸಿಹಿ ಲೇಪ, ಒಂದೇ. ಮೊಟ್ಟೆಯ ಹಳದಿ, ಸಕ್ಕರೆ, ಬೆಣ್ಣೆ, ಎವಾಪೊರೇಟೆಡ್ ಹಾಲು (ಸಕ್ಕರೆ ಹಾಕದೆ ನೀರಿನಂಶ ಇಂಗಿಸಿದ ಹಾಲು) ಸೇರಿಸಿ ಮಧ್ಯಮ ಉರಿಯಲ್ಲಿ ಸುಮಾರು 12 ನಿಮಿಷ ಕೈಬಿಡದೆ ತಿರುವಿ, ಗಟ್ಟಿಯಾದ ಮೇಲೆ ಕೊಬ್ಬರಿ ತುರಿ, ಹುರಿದ ಪಿಕಾನ್ (ಅಕ್ರೋಟಿನಂಥ ಬೀಜ) ಚೂರು. ಕಂಡೆನ್ಸ್ಡ್ ಹಾಲು ಹಾಕಬೇಡಿ, ಅದರಲ್ಲಿ ಆಗಲೇ ಸಕ್ಕರೆ ಇದೆ. ಪೂರ್ತಿ ಆರಲಿ, ನಾನೊಮ್ಮೆ ಆತುರಪಟ್ಟು ಮೇಲಿನ ಪದರ ಜಾರಿ ತಟ್ಟೆಗೇ ಬಂತು.

ಈ ಫ್ರಾಸ್ಟಿಂಗ್ ವಿಪರೀತ ಸಿಹಿ ಅಲ್ವಾ, ಅದಕ್ಕೇ ನನ್ನ ಓಟು ಕೋಕೋಗೆ. ಅದರ ಕಹಿ ಸಿಹಿಯನ್ನು ಹಿಡಿದಿಡುತ್ತದೆ. ಮಕ್ಕಳಿಗಾದರೆ ಹಳೆಯದ್ದೇ ಮಾಡಿ.